ಕಸ್ತೂರಿಬಾಯಿ ಕಿತ್ತುಕೊಂಡ ಜ್ಯೂಸು

ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ಕಸ್ತೂರಿಬಾಯಿಯ ಖಾನಾವಳಿ. ಗಂಡ ಸತ್ತ ಮೇಲೆ ಒಬ್ಬಳೇ ನಡೆಸಿಕೊಂಡು ಬಂದವಳು. ಉಣ್ಣುವವರ ಮುಂದೆ ರೊಟ್ಟಿ ಬುಟ್ಟಿ ಹಿಡಿದು "ಇನ್ನೊಂದು ಹಾಕ್ಕೋರಿ" ಅನ್ನುವುದು ಬಿಟ್ಟರೆ ಆಕೆಯ ಬಾಯಿಂದ ಮೆತ್ತನೆಯ ಮಾತು ಬರುವುದು ಕಡಿಮೆ.

ಹೋದ ವರ್ಷ ತಂಗಿ ಪರಿಮಳಾ ಮತ್ತು ತಂಗಿಯ ಗಂಡ ವಿಶ್ವರಾಧ್ಯನ ಜೊತೆ ಕೇದಾರಕ್ಕೆ ಹೊರಟಳು. ಹೈದರಾಬಾದಿನಿಂದ ದಿಲ್ಲಿಗೆ ವಿಮಾನ. ವಿಶ್ವರಾಧ್ಯ ಸುರಪುರದ ಸಿಮೆಂಟ್ ವ್ಯಾಪಾರಿ. ಎಂದೋ ಒಮ್ಮೆ ವಿಮಾನ ಹತ್ತಿದ್ದ, ಅದನ್ನೇ ಊರಿಡೀ ಹೇಳಿಕೊಂಡು ತಿರುಗುತ್ತಿದ್ದ. ಕಸ್ತೂರಿ ಕಟ್ಟಿದ ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನು ಕಾರಿನಿಂದ ಇಳಿಸಿಬಿಟ್ಟ.

"ನಾಚಿಕಿ ಬ್ಯಾಡೇನ್ರಿ ಅಕ್ಕಾರ? ವಿಮಾನದಾಗ ಪುಕ್ಕಟೆ ಊಟ ಕೊಡ್ತಾರ. ಬೆಣ್ಣಿ ಸಮೇತ ತಾಟು ಮುಂದ ತಂದಿಡ್ತಾರ."

ಪರಿಮಳಾಗೆ ಸಕ್ಕರೆ ಕಾಯಿಲೆ. ಊಟ ಬರುತ್ತದೆಂದು ನಂಬಿ ಗುಳಿಗೆ ನುಂಗಿ ಕೂತಳು. ವಿಮಾನ ಏಳುವುದೇ ತಡವಾಯಿತು. ಎದ್ದ ಮೇಲೆ ತಳ್ಳುಗಾಡಿ ಬಂತು. ಬಂದದ್ದು ಊಟವಲ್ಲ, ಅಂಗಡಿ. ಬಿಸಿನೀರು ಸುರಿದುಕೊಳ್ಳುವ ಕಪ್ಪಿನ ಉಪ್ಪಿಟ್ಟು, ಗೋಡಂಬಿ, ಜ್ಯೂಸು, ಎಲ್ಲಕ್ಕೂ ದರ. ವಿಶ್ವರಾಧ್ಯ ಪೆಚ್ಚಾಗಿ ನೋಟು ಚಾಚಿದ. ನೋಟು ನಡೆಯುವುದಿಲ್ಲವಂತೆ, ಕಾರ್ಡೇ ಬೇಕಂತೆ. ಅವನ ಕಾರ್ಡು ವಿಮಾನದ ಹೊಟ್ಟೆಯೊಳಗೆ ಹಾಕಿದ ದೊಡ್ಡ ಬ್ಯಾಗಿನಲ್ಲಿತ್ತು.

ಪರಿಮಳಾ ಬೆವರತೊಡಗಿದಳು. ಕೈ ನಡುಗಿತು, ಮಾತು ತೊದಲಿತು. ಸಕ್ಕರೆ ಇಳಿದಿದೆ, ಬೇಗ ಕೊಡು ಎಂದು ಕಸ್ತೂರಿ ತನಗೆ ಬಂದ ಹಿಂದಿಯಲ್ಲಿ ಬೇಡಿದಳು. ಗಾಡಿಯ ಹುಡುಗಿ ನಗು ಕೆಡಿಸಿಕೊಳ್ಳದೆ, "ಕಾರ್ಡ್ ಇಲ್ಲದೆ ಬಿಲ್ ಆಗೋದಿಲ್ಲ ಮೇಡಂ. ನೀರು ಬೇಕಾದರೆ ಕೊಡ್ತೀನಿ" ಅಂದಳು.

ಕಸ್ತೂರಿ ಎದ್ದು ಗಾಡಿಯಿಂದ ಜ್ಯೂಸಿನ ಪ್ಯಾಕೆಟು ಕಿತ್ತುಕೊಂಡಳು. ಮೂಲೆಯನ್ನು ಹಲ್ಲಿನಿಂದ ಹರಿದು ತಂಗಿಯ ಬಾಯಿಗಿಟ್ಟಳು.

"ಮೇಡಂ! ಅದು ಮಾರೋದು!"

"ಥೂ!" ಈಗ ಕಸ್ತೂರಿಗೆ ಹಿಂದಿ ಸಾಲಲಿಲ್ಲ, ಕನ್ನಡಕ್ಕಿಳಿದಳು. "ಜೀವ ಹೋಗಾಕತ್ತದ, ಮಷೀನ ಹಿಡ್ಕೊಂಡು ನಿಂತೀಯಲ್ಲ! ಮಂದೀನ ಕುರ್ಚಿಗಿ ಕಟ್ಟಿಹಾಕಿ ಕೂಳು ಮಾರತೀರಿ, ಇದೊಂದು ಧಂದೇನ? ಹೋಗು, ಪೊಲೀಸರಿಗಿ ಹೇಳು."

"ಕೂಡ್ರಿ ಅಕ್ಕಾರ, ಮಂದಿ ನೋಡಾಕತ್ತಾರ" ಎಂದು ವಿಶ್ವರಾಧ್ಯ ಪಿಸುಗುಟ್ಟಿದ. ಮಂದಿ ನೋಡುತ್ತಲೇ ಇದ್ದರು, ಗೋಡಂಬಿ ಅಗಿಯುತ್ತ.

ದಿಲ್ಲಿ ಬರುವಷ್ಟರಲ್ಲಿ ಪರಿಮಳಾ ಚೇತರಿಸಿಕೊಂಡಿದ್ದಳು. ಇಳಿಯುವ ಬಾಗಿಲಲ್ಲೇ ಸೆಕ್ಯೂರಿಟಿಯವರು ಕಸ್ತೂರಿಯನ್ನು ತಡೆದರು. ಕ್ಷಮೆ ಕೇಳಿದರೆ ಬಿಡುತ್ತೇವೆ ಅಂದರು. ಕಸ್ತೂರಿ ತುಟಿ ಬಿಚ್ಚಲಿಲ್ಲ. ವಿಶ್ವರಾಧ್ಯನೇ ಸೊಂಟ ಬಗ್ಗಿಸಿ ಕೈಮುಗಿದು ಬಿಡಿಸಿಕೊಂಡು ಬಂದ. ಟ್ಯಾಕ್ಸಿಯಲ್ಲಿ ಕೂತಾಗ ಅವನ ಫೋನಿಗೆ ವಿಮಾನ ಕಂಪನಿಯ ಮೆಸೇಜು: ಪ್ರಯಾಣ ಹೇಗಿತ್ತು? ವಾಪಸ್ ಟಿಕೆಟಿಗೆ ಏನಾದರೂ ತೊಂದರೆ ಮಾಡಿಯಾರೆಂದು ಆ ಪುಕ್ಕಲ ಐದಕ್ಕೆ ಐದೂ ಚುಕ್ಕಿ ಒತ್ತಿದ. ಪಕ್ಕದಲ್ಲಿದ್ದ ಪರಿಮಳಾ ನೋಡಿದಳು.

ಕೇದಾರ ಮುಗಿಸಿ ಅಕ್ಕತಂಗಿಯರು ರೈಲು ಹತ್ತಿ ಯಾದಗಿರಿಗೆ ಬಂದಿಳಿದರು. ವಿಶ್ವರಾಧ್ಯ ಒಬ್ಬನೇ ಹಾರಿ ಬಂದ. ಪರಿಮಳಾ ಸುರಪುರಕ್ಕೆ ಹೋಗದೆ ಪಂಚಮಿ ಕಳೆಯುವ ತನಕ ಅಕ್ಕನ ಮನೆಯಲ್ಲೇ ಉಳಿದಳು. ಕರೆಯಲು ಬಂದವನಿಗೆ ಕಸ್ತೂರಿ ಚಹಾ ಕೊಟ್ಟಳು. ಕೂಡು ಅನ್ನಲಿಲ್ಲ.