ಒಂದೇ ಫೋಟೋಸೆಲ್

ಮೊನ್ನೆ ದೇವದುರ್ಗದಲ್ಲಿ ನಾನು ಫಿಸಿಕ್ಸ್ ಪಾಠ ಮಾಡುವ ಕಾಲೇಜಿನಲ್ಲಿ ಡಾರ್ಕ್ ರೂಮಿನ ಕಪ್ಪು ಪರದೆ ಸರಿಸಿದೆ. ಧೂಳು, ಕಾದ ಬಲ್ಬು, ಹಳೇ ಬಟ್ಟೆ ಸೇರಿದ ವಾಸನೆ ಮೂಗಿಗೆ ಬಡಿದದ್ದೇ ತಡ, ರಾಯಚೂರಿನ ಬಿ.ಎಸ್ಸಿ. ದಿನಗಳ ನನ್ನ ಲ್ಯಾಬ್ ಜೋಡಿ ಕಣ್ಣೆದುರು ಬಂದು ನಿಂತಳು...

ಕಲ್ಲೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಮೊದಲ ವರ್ಷ ಮೆಕ್ಯಾನಿಕ್ಸ್. ಲೋಲಕದ ತೂಗಾಟ ಎಣಿಸುವವಳು ಅವಳು, ಸ್ಟಾಪ್‌ವಾಚ್ ಒತ್ತುವವಳು ನಾನು. ನಮ್ಮ ಕ್ಲಾಸಿನ ಪದ್ಧತಿಯೇ ಬೇರೆ: ಪುಸ್ತಕದ ಉತ್ತರ ಮೊದಲು ಬರೆದುಕೊಂಡು, ಅದಕ್ಕೆ ಹೊಂದುವ ರೀಡಿಂಗ್ ಆಮೇಲೆ ಹುಟ್ಟಿಸುವುದು. ಆ ವಿದ್ಯೆಯಲ್ಲಿ ನಾನು ಪಳಗಿದ ಕೈ. ಅವಳು ಮಾತ್ರ ಜಪ್ಪಯ್ಯ ಎಂದರೂ ಒಪ್ಪುತ್ತಿರಲಿಲ್ಲ.

"ಹಂಗ್ಯಾಕ ಬರೀತಿ ಲೇ? ತಡಿ, ಮತ್ತೊಮ್ಮಿ ಎಣಿಸೋಣು."

ಬಸ್ಸು ತಪ್ಪಿದರೂ ಎಣಿಸುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಹಾಗೆ ಸಿಟ್ಟು ಬರಿಸುವವರು ಆಮೇಲೆ ಯಾರೂ ಸಿಗಲಿಲ್ಲ.

ಕೊನೆಯ ವರ್ಷ ಮಾಡರ್ನ್ ಫಿಸಿಕ್ಸ್ ಪ್ರಾಕ್ಟಿಕಲ್ ಪರೀಕ್ಷೆ. ಇಬ್ಬರಿಗೂ ಚೀಟಿಯಲ್ಲಿ ಬಂದದ್ದು ಪ್ಲಾಂಕ್ ಸ್ಥಿರಾಂಕ, ಡಾರ್ಕ್ ರೂಮಿನಲ್ಲಿ ಅದಕ್ಕೆ ಇದ್ದದ್ದು ಬೆಳಕು ಬಿದ್ದರೆ ಕರೆಂಟು ಕೊಡುವ ಒಂದೇ ಫೋಟೋಸೆಲ್. ಮೊದಲು ನಾನು ಮಾಡಿದೆ. ಸೆಲ್ ಕೆಟ್ಟಿತ್ತು, ಮೀಟರಿನ ಮುಳ್ಳು ಮನಬಂದಂತೆ ಹೊರಳುತ್ತಿತ್ತು. ಬಾಯಿಪಾಠವಿದ್ದ ಪುಸ್ತಕದ ಉತ್ತರ 6.6 ಇಟ್ಟುಕೊಂಡು ಹಿಂದಿನಿಂದ ರೀಡಿಂಗ್ ಬರೆದೆ. ನನ್ನ ನಂತರ ಕೂತ ಅವಳು ಬಂದದ್ದನ್ನೇ ಬರೆದಳು. ಅವಳ ಉತ್ತರ 4 ಕೂಡ ದಾಟಿರಲಿಲ್ಲ.

ಹೊರಗಿನಿಂದ ಬಂದ ಪರೀಕ್ಷಕರು ನಮ್ಮ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಅವಳನ್ನೇ ಕೇಳಿದರು: "ಸೆಲ್ ಒಂದ ಅದ. ಆಕಿಗಿ ಬಂದದ್ದು ನಿನಗ್ಯಾಕ ಬರಲಿಲ್ಲ? ಕೈಯಾಗ ಹಿಡಿತ ಇಲ್ಲೇನು?"

ಸೆಲ್ ಕೆಟ್ಟಿದೆ ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ತಲೆ ತಗ್ಗಿಸಿ ನಿಂತೆ. ಕೆಲವೇ ಅಂಕಗಳಲ್ಲಿ ಅವಳಿಗೆ ಎಂ.ಎಸ್ಸಿ. ಸೀಟು ತಪ್ಪಿತು, ನನಗೆ ಸಿಕ್ಕಿತು. "ನಿನಗರ ಸಿಕ್ತಲ್ಲ, ಚಲೋ ಆತು" ಎಂದು ಕೈ ಹಿಡಿದು ನಕ್ಕಳು. ಆಗಲೂ ಹೇಳಲಿಲ್ಲ. ನಾಳೆ ಹೇಳೋಣ, ಮುಂದಿನ ಸಲ ಹೇಳೋಣ ಎಂದು ವರ್ಷಗಳೇ ಕಳೆದವು...

ಹೋದ ತಿಂಗಳು ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಅವಳ ತಮ್ಮ ಸಿಕ್ಕ. ಅಕ್ಕ ಕಾಯಿಲೆ ಬಿದ್ದು ತೀರಿಕೊಂಡು ವರ್ಷವಾಯಿತು ಎಂದ.

"ನಿಮ್ಮನ್ನ ಭಾಳ ನೆನಸ್ತಿದ್ಳರೀ ನಮ್ಮಕ್ಕ. 'ನನಗ ಪ್ರಯೋಗದ ಕೈ ಇರಲಿಲ್ಲ, ನನ್ನ ಗೆಳತಿ ಕೈ ನೋಡಬೇಕಿತ್ತು' ಅಂತ ತನ್ನ ಮಗಳ ಮುಂದ ಹೇಳ್ತಿದ್ಳು."

ಆ ಮಗಳಿಗಾದರೂ ನಿಜ ಹೇಳಬೇಕೆಂದು ನಂಬರ್ ಇಸಿದುಕೊಂಡೆ. ಇವತ್ತು ಮಧ್ಯಾಹ್ನ ಧೈರ್ಯ ಮಾಡಿ ಫೋನ್ ಹಚ್ಚಿದೆ.

"ಯಾರ್ರೀ?" ಎಂದಳು ಹುಡುಗಿ. ಥೇಟ್ ಅವ್ವನದೇ ದನಿ. ನನಗೆ ಅಳು ಬಂತು, ಈ ಸಲವೂ ನಿಜ ಹೇಳದೆ ಫೋನ್ ಇಟ್ಟುಬಿಟ್ಟೆ.