ಯಿನ್ ಅಜ್ಜಿಯ ಸಾವಿನ ಊಟ

ದಾನ ಕೊಟ್ಟವರ ಹೆಸರು ನಮ್ಮ ಊರಿನ ಕಲ್ಲುಗಳ ಮೇಲೆಲ್ಲ ಇದೆ. ಆ ದಾನದಿಂದ ಕೆಲಸ ಕಳೆದುಕೊಂಡವನ ಹೆಸರು ಎಲ್ಲೂ ಇಲ್ಲ. ಅದಕ್ಕೇ ಅಡುಗೆಯ ಷುಯಿಮು ಬಗ್ಗೆ ಹೇಳಬೇಕು.

ಜಿನ್‌ಜಿಯಾಂಗ್ ಚೀನಾದ ಕಡಲ ದಂಡೆಯ ಊರು. ಓಣಿಗೊಂದು ಷೂ ಕಾರ್ಖಾನೆ. ಮದುವೆಯಾಗಲಿ, ಸಾವಾಗಲಿ, ಮೊದಲು ಕರೆಯುತ್ತಿದ್ದದ್ದು ಷುಯಿಮುವನ್ನು. ಅವನ ದೊಡ್ಡ ಒಲೆಯ ಹೊಗೆ ಎದ್ದರೆ ಊಟ ಇದೆ ಅಂತ ಊರಿಗೇ ಗೊತ್ತಾಗುತ್ತಿತ್ತು. ಉಳಿದದ್ದನ್ನು ಒಯ್ಯಲು ಜನ ಡಬ್ಬಿ ಹಿಡಿದೇ ಬರುತ್ತಿದ್ದರು.

ಆಮೇಲೆ ಕಾರ್ಖಾನೆಯ ಧಣಿಗಳು ಒಬ್ಬೊಬ್ಬರಾಗಿ ದತ್ತಿ ಸಂಸ್ಥೆ ಮಾಡಿದರು. ಊಟಕ್ಕೆ ಇಟ್ಟ ದುಡ್ಡನ್ನು ದತ್ತಿಗೆ ಕೊಡುವುದೇ ಮರ್ಯಾದೆ ಆಯಿತು. ಊಟ ಹಾಕಿದವನನ್ನು ಕೀಳಾಗಿ ನೋಡತೊಡಗಿದರು. ಷುಯಿಮುವಿನ ಬಾಣಲೆಗಳು ಅಂಗಳದಲ್ಲಿ ಬೋರಲು ಬಿದ್ದವು. ಹೆಂಡತಿ ಅವುಗಳ ಮೇಲೆ ಮೂಲಂಗಿ ಒಣಗಿಸಿದಳು.

ಅವನು ಕಾಯುತ್ತಿದ್ದದ್ದು ಒಂದೇ ಊಟಕ್ಕೆ, ಯಿನ್ ಅಜ್ಜಿಯದಕ್ಕೆ. ಊರಿನ ಎಲ್ಲರಿಗಿಂತ ದೊಡ್ಡ ಧಣಿ ಹೊಂಗ್ ಜಿಯಾಫೆಂಗ್‌ನ ತಾಯಿ ಅವಳು. ಬಡತನದಲ್ಲಿ ಷುಯಿಮುವಿನ ಒಲೆಯ ಪಕ್ಕ ಕೂತು ಕಡಲ ಚಿಪ್ಪು ಒಡೆದು, ಕೂಲಿಯ ಬದಲು ಸಾರು ಒಯ್ದು ಮಗನನ್ನು ಸಾಕಿದವಳು. ಮಗ ಬಂಗಲೆ ಕಟ್ಟಿದ ಮೇಲೂ ಸಂಜೆ ಬಂದು ಆ ಅಂಗಳದಲ್ಲೇ ಕೂರುತ್ತಿದ್ದಳು.

“ನನ್ ಸಾವಿನ ಊಟ ನೀನೇ ಮಾಡ್ಬೇಕು ಕಣೋ. ಚಿಪ್ಪಿನ ಸಾರು, ಕೆಸುವಿನ ಗೆಡ್ಡೆ ಅನ್ನ. ಶುಂಠಿ ಕಮ್ಮಿ ಆದ್ರೆ ಹೆಣದ ಪೆಟ್ಟಿಗೆಯಿಂದ ಎದ್ದು ಬರ್ತೀನಿ.”

“ಬಾರಕ್ಕ. ಸೌಟು ನಿನ್ ಕೈಗೇ ಕೊಡ್ತೀನಿ,” ಅಂತ ಷುಯಿಮು ಮಾತು ಕೊಟ್ಟಿದ್ದ.

ಚಳಿಗಾಲದಲ್ಲಿ ಅಜ್ಜಿ ಹೋದಳು. ಊಟ ಇಲ್ಲ, ಅಷ್ಟೂ ದುಡ್ಡು ತಾಯಿಯ ಹೆಸರಿನ ದತ್ತಿಗೆ ಎಂದು ಮಗ ಊರ ಮುಂದೆ ಹೇಳಿದ. ಷುಯಿಮು ಬಂಗಲೆಗೆ ಹೋಗಿ ಕೇಳಿದ. ಬಾಗಿಲಲ್ಲೇ ಆಗುವುದಿಲ್ಲ ಎಂದು ಕಳಿಸಿದರು.

ತನ್ನ ಅಂಗಳದಲ್ಲೇ ಮಾಡಿ, ಪೆಟ್ಟಿಗೆಯ ಮುಂದೆ ಒಂದು ಬಟ್ಟಲು ಇಟ್ಟು ಬಂದರೆ ಯಾರಿಗೇನು ಅಂದುಕೊಂಡ. ಮಣ್ಣು ಮಾಡುವ ದಿನ ಬೆಳಿಗ್ಗೆ ಬಾಣಲೆ ತೊಳೆದು ಒಲೆ ಹಚ್ಚಿದ. ಮನೆಯ ಸಣ್ಣ ಒಲೆಯಲ್ಲಿ ಮಾಡಬಹುದಿತ್ತು. ಸಾವಿನ ಊಟ ಅವನ ಕೈಯಲ್ಲಿ ಎಂದೂ ಸಣ್ಣ ಒಲೆಯಲ್ಲಿ ಬೆಂದಿರಲಿಲ್ಲ.

ಹೊಗೆ ಎದ್ದಿತು. ಸ್ವಲ್ಪ ಹೊತ್ತಿಗೆ ಜನ ಡಬ್ಬಿ ಹಿಡಿದು ಬಂದರು. ಹೊಂಗ್ ಮನಸ್ಸು ಬದಲಾಯಿಸಿದ್ದಾನೆ ಅಂದುಕೊಂಡರು. “ದತ್ತಿಗಿಂತ ನಿನ್ ಸಾರೇ ವಾಸಿ ಅಂದ್ನೇನೋ ಧಣಿ,” ಅಂತ ಒಬ್ಬ ನಕ್ಕ.

ಆಗ ಜಿಯಾಫೆಂಗ್ ಬಂದ. ಮೈಮೇಲೆ ಶೋಕದ ಗೋಣಿನಾರಿನ ಬಟ್ಟೆ. ಆ ಬಟ್ಟೆ ತೊಟ್ಟ ಮಗ ಹಿರಿಯರ ಮುಂದೆ ಮಂಡಿಯೂರಬೇಕು. ಅಷ್ಟು ಜನರ ಎದುರು ಊರಿದ.

“ಚಿಕ್ಕಪ್ಪ, ಒಲೆ ಆರ್ಸಿ. ಊಟ ಇಲ್ಲ ಅಂತ ಹೇಳ್ಬಿಟ್ಟಿದೀನಿ. ಈಗ ಈ ಹೊಗೆ ನೋಡಿ ಅಮ್ಮನ ಹೆಸ್ರಲ್ಲಿ ಕೊಟ್ಟಿದ್ದೂ ಸುಳ್ಳು ಅಂತಾರೆ.”

“ಒಂದೇ ಬಟ್ಟಲು ಕಣೋ. ಅಕ್ಕ ಕೇಳಿದ್ಲು.”

“ನಂಗೊತ್ತಿಲ್ವಾ? ಅಪ್ಪ ಸತ್ತಾಗ ಊರಿಗೆಲ್ಲ ಊಟ ಹಾಕ್ದೆ. ಮೂಲೆ ಮೇಜಲ್ಲಿ ಕೂರಿಸ್ಬಿಟ್ಟೆ ಅಂತ ಸೋದರಮಾವ ಇವತ್ತಿಗೂ ಮಾತಾಡಲ್ಲ. ದಿನಾ ಬಾಗ್ಲಿಗೆ ಒಬ್ರು. ಕೊಟ್ರೆ ಸಾಲ್ದು, ಕೊಡ್ದಿದ್ರೆ ಬೈಗಳ. ಈಗ ನನ್ ಬಾಗ್ಲು ಬಿಟ್ಟು ದತ್ತಿ ಬಾಗ್ಲಿಗೆ ಹೋಗ್ತಾರೆ. ನನ್ ಮಗನಿಗೆ ಕಾರ್ಖಾನೆ ಬೇಡ್ವಂತೆ. ನಾನು ಹೋದ್ಮೇಲೆ ಅಮ್ಮನ ಹೆಸ್ರು ಹೇಳೋಕೆ ಆ ದತ್ತಿ ಒಂದೇ ಇರೋದು.”

ಷುಯಿಮು ಮಂಡಿಯೂರಿದವನನ್ನು ಎಬ್ಬಿಸಿದ. ಬಕೆಟ್ಟಿನ ನೀರನ್ನು ಒಲೆಗೆ ಸುರಿದ. ಚಿಪ್ಪಿನ ಮಾಂಸ ಅರೆಬೆಂದಿತ್ತು. ಜನ ಖಾಲಿ ಡಬ್ಬಿ ಹಿಡಿದು ಹೋದರು. ಬೈದದ್ದು ಧಣಿಯನ್ನಲ್ಲ, ಷುಯಿಮುವನ್ನು. ಪೆಟ್ಟಿಗೆಯ ಮುಂದೆ ಅವನ ಬಟ್ಟಲು ಹೋಗಲಿಲ್ಲ.

ಈಗ ಯಿನ್ ಅಜ್ಜಿಯ ದತ್ತಿಯಿಂದ ಊರಿನ ಮುದುಕರಿಗೆ ಮಧ್ಯಾಹ್ನದ ಊಟ. ಬೇರೆಲ್ಲೋ ಬೇಯಿಸಿ ವ್ಯಾನಿನಲ್ಲಿ ತರುತ್ತಾರೆ. ಹೆಂಡತಿಗೆ ಕಾಯಿಲೆ, ದುಡಿಮೆ ಇಲ್ಲ, ಷುಯಿಮುವೂ ತಟ್ಟೆ ಹಿಡಿಯುತ್ತಾನೆ. ಊಟದ ಕೋಣೆಯ ಗೋಡೆ ಮೇಲೆ ಅಜ್ಜಿಯ ಪಟ ಇದೆ. ಅದಕ್ಕೆ ಬೆನ್ನು ಹಾಕಿ ಕೂರುತ್ತಾನೆ. ಆ ಸಾರಿಗೆ ಶುಂಠಿಯೇ ಇಲ್ಲ. ಅವಳೇನೂ ಎದ್ದು ಬಂದಿಲ್ಲ.

ಆ ಕಡೆ ಹೋದರೆ ಅವನನ್ನು ಕಂಡು ಬನ್ನಿ. ದತ್ತಿ ಕಟ್ಟಡದ ಹಿಂದಿನ ಮನೆ, ಅಂಗಳದಲ್ಲಿ ಬಾಣಲೆಗಳಿವೆ. ಒಲೆ ಹಚ್ಚು ಅನ್ನಬೇಡಿ. ಚಹಾ ಕೊಡುತ್ತಾನೆ, ಕುಡಿದು ಸ್ವಲ್ಪ ಹೊತ್ತು ಕೂತಿರಿ.