ಅಕ್ಕನ ಹೆಸರಿನ ಲೋಟ

ನಾನು ಚಿಕ್ಕವನಿದ್ದಾಗ, ಏಳು ವರ್ಷವೋ ಎಂಟೋ ಈಗ ಖಚಿತವಿಲ್ಲ, ಸಟನ್ನಿನ ಈ ಮನೆಯಲ್ಲೇ ನನಗೊಂದು ಗಂಟಲು ನೋವು ಬಂದು ಹೋಗದೆ ಕೂತಿತ್ತು. ಉಗುಳು ನುಂಗಿದರೂ ಮುಳ್ಳು ಚುಚ್ಚಿದಂತಾಗುತ್ತಿತ್ತು. ಧಾರವಾಡದಿಂದ ವಿಲಾಯತಿಗೆ ಬಂದು ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಅಪ್ಪ ಉಪ್ಪುನೀರು ಮುಕ್ಕಳಿಸಲು ಹೇಳಿ ಕೆಲಸಕ್ಕೆ ಹೋಗುತ್ತಿದ್ದರು. ದಿನವೆಲ್ಲ ಊರವರ ಗಂಟಲು ನೋಡುವವರಿಗೆ ಮನೆಯ ಗಂಟಲು ಕಾಣಿಸುವುದಿಲ್ಲ.

ನನ್ನ ಸಿಟ್ಟು ಮಾತ್ರ ಅಕ್ಕನ ಮೇಲಿತ್ತು. "ಏನೂ ಆಗಿಲ್ಲ ಅಪ್ಪಾ, ಈಜು ತಪ್ಪಸ್ಲಿಕ್ಕೆ ನಾಟಕ ಮಾಡ್ಲಿಕತ್ತಾನ," ಎಂದಳು. ಅಪ್ಪ ನಂಬಿದರು. ಶಾಲೆಯ ಈಜುಕೊಳದ ಕ್ಲೋರಿನ್ ನೀರು ಗಂಟಲಿಗಿಳಿದು ಉರಿಯುವಾಗ, ಸೇಡು ತೀರಿಸಿಕೊಳ್ಳುತ್ತೇನೆಂದು ಅಲ್ಲೇ ಶಪಥ ಮಾಡಿದೆ.

ನಮ್ಮಲ್ಲಿ ಒಬ್ಬೊಬ್ಬರಿಗೂ ಹೆಸರು ಕೊರೆಸಿದ ಸ್ಟೀಲ್ ಲೋಟವಿತ್ತು. ತುಟಿ ತಾಗಿಸದೆ ಎತ್ತಿ ಕುಡಿಯಬೇಕು. ಎಂಜಲು ಮಾಡಿದರೆ ಬೈಗುಳ. ಆ ಸಂಜೆ ಅಕ್ಕ ತುಂಬಿಟ್ಟಿದ್ದ ಲೋಟದ ಅಂಚಿಗೆಲ್ಲ, ಅವಳ ಹೆಸರಿನ ಮೇಲೂ, ನಾಲಿಗೆ ಆಡಿಸಿದೆ. ಒಂದು ಗುಟುಕು ಬಾಯಿಗೆ ತೆಗೆದುಕೊಂಡು ಮರಳಿ ಲೋಟಕ್ಕೇ ಬಿಟ್ಟೆ. ತಣ್ಣನೆಯ ಸ್ಟೀಲಿನ ರುಚಿ ಇನ್ನೂ ನಾಲಿಗೆಯ ಮೇಲಿದೆ. ಆಮೇಲೆ ಸಿಂಕಿನಲ್ಲಿ ಖಾಲಿ ಲೋಟ ಕಂಡಾಗ ಆದ ಸಂತೋಷ ಹೋಳಿಗೆ ತಿಂದಾಗಲೂ ಆಗಿರಲಿಲ್ಲ.

ಮೂರು ವಾರವಾದರೂ ನೋವು ಬಿಡದಿದ್ದಾಗ ಅಪ್ಪ ಬಡಾವಣೆಯ ಡಾಕ್ಟರಾದ ಜಿಪಿಯ ಬಳಿ ಕರೆದೊಯ್ದರು. ಆಕೆ ಕಡ್ಡಿಯಿಂದ ನಾಲಿಗೆ ಒತ್ತಿ ಟಾರ್ಚ್ ಬಿಟ್ಟು ನೋಡಿದರು. ಕುತ್ತಿಗೆಯ ಗಂಟುಗಳನ್ನು ತಡವಿ, ಹೊಟ್ಟೆ ಒತ್ತಿ, ಸುಸ್ತಿದೆಯೇ, ಜ್ವರವಿದೆಯೇ ಎಂದು ಅಪ್ಪನನ್ನು ಬಿಟ್ಟು ನನ್ನನ್ನೇ ಕೇಳಿ, ರಕ್ತ ತೆಗೆಸಿದರು.

ವರದಿ ಬಂದ ದಿನ ಅಕ್ಕನೂ ಜೊತೆಗಿದ್ದಳು. ಗ್ಲ್ಯಾಂಡ್ಯುಲರ್ ಫೀವರ್, ಕುತ್ತಿಗೆಯ ಗಂಟು ಊದಿಸುವ ವೈರಸ್ ಜ್ವರ, ಎಂದರು ಜಿಪಿ. ಅಕ್ಕನ ಮುಖ ಇಳಿಯಿತು. ನಾನು ಎದೆಯುಬ್ಬಿಸಿ ಕೂತೆ. ಆಂಟಿಬಯಾಟಿಕ್ ಇದಕ್ಕೆ ನಾಟುವುದಿಲ್ಲ, ವಿಶ್ರಾಂತಿ ಬೇಕು, ಕೆಲವು ವಾರ ಕುಸ್ತಿ, ಕಾಲ್ಚೆಂಡು ಬೇಡ, ಉಸಿರಾಡಲೋ ನೀರು ನುಂಗಲೋ ಕಷ್ಟವಾದರೆ ಕೂಡಲೇ ಬನ್ನಿ ಎಂದರು. ಆಮೇಲೆ ನನ್ನತ್ತ ಬಾಗಿದರು. "ಇದು ಎಂಜಲಿನಿಂದ ಹರಡುತ್ತದೆ. ತಗುಲಿ ತಿಂಗಳಾದ ಮೇಲೆ ತೋರಬಹುದು. ಯಾರ ಲೋಟದಲ್ಲಾದರೂ ಕುಡಿದೆಯಾ?"

ಇಲ್ಲವೆಂದು ತಲೆಯಾಡಿಸಿದೆ. ಸರಿಯಾಗಿ ಆ ತಿಂಗಳು ತುಂಬುವ ಹೊತ್ತಿಗೆ ಅಕ್ಕನಿಗೆ, ಆಯ್ದ ಮಕ್ಕಳಿಗಷ್ಟೇ ಸೀಟು ಕೊಡುವ ಗ್ರಾಮರ್ ಸ್ಕೂಲಿನ ಪ್ರವೇಶ ಪರೀಕ್ಷೆಯಿತ್ತು. ಆಟ ಬಿಟ್ಟು ವರ್ಷವಿಡೀ ಓದಿದ್ದಳು.

ಬಸ್ ಸ್ಟಾಪಿನಲ್ಲಿ ಅಕ್ಕ ಗಂಟಲು ಹಿಡಿದುಕೊಂಡಳು. "ಅಪ್ಪಾ, ನನಗೂ ನುಂಗ್ಲಿಕ್ಕೆ ಆಗವಲ್ತು." ಅಳುತ್ತ ಎಲ್ಲವನ್ನೂ ಅಪ್ಪನಿಗೆ ಒಪ್ಪಿಸಿಬಿಟ್ಟೆ.

ಅಕ್ಕ ಗಂಟಲಿನಿಂದ ಕೈ ತೆಗೆದು ನಕ್ಕಳು. "ಬಾಗಲ ಸಂದ್ಯಾಗಿಂದ ನೋಡಿದ್ದೆ. ನೀರು ಅವತ್ತೇ ಚೆಲ್ಲೀನಿ. ನಿನ್ನ ಬಾಯಿಂದನ ಬರ್ಲಿ ಅಂತ ಕಾಯ್ಕೋತ ಕೂತಿದ್ದೆ, ಮಗನ! ಈಗ ಹೇಳು, ನಾಟಕ ಹೆಂಗಿತ್ತು?"

ಅಪ್ಪ ಇಬ್ಬರ ಕಿವಿಯನ್ನೂ ಹಿಂಡಿದರೆಂದು ನನ್ನ ನೆನಪು. ನನ್ನದೊಂದನ್ನೇ ಎನ್ನುತ್ತಾಳೆ ಅಕ್ಕ. ನನಗೆ ಬೇಕಾದಂತೆ ನೆನಪಿಟ್ಟುಕೊಂಡಿದ್ದರೂ ಇರಬಹುದು.

ಮಕ್ಕಳೇ, ನಿಮಗೆ ಗಂಟಲು ನೋವೆಂದರೆ ಅಮ್ಮ ಮರುದಿನವೇ ಫೋನಿನಲ್ಲಿ ಜಿಪಿಗೆ ಬರೆಯುತ್ತಾಳೆ. ನಿಮ್ಮ ನೀರಿನ ಬಾಟಲಿಗಳಿಗೆ ಹೆಸರಿನ ಸ್ಟಿಕ್ಕರ್ ಇದೆ, ಬಿಗಿ ಮುಚ್ಚಳವೂ ಇದೆ. ಆದರೂ ನಿನ್ನೆ ನಿಮ್ಮಲ್ಲೊಬ್ಬರು ಇನ್ನೊಬ್ಬರಿಗೆ "ಫೇಕರ್! ಬರೀ ನಾಟಕ!" ಎಂದದ್ದು ನನಗೆ ಕೇಳಿಸಿತು. ಬಾಟಲಿ ಜೋಪಾನ.

ಅಕ್ಕ ಈಗಲೂ ಭಾನುವಾರ ಬರುತ್ತಾಳೆ. ಅದೇ ಲೋಟದಲ್ಲಿ ನೀರು ತುಂಬಿ ಕೊಡುತ್ತೇನೆ. ಅವಳು ನನ್ನ ಮುಖವನ್ನೇ ನೋಡುತ್ತ ನೀರು ಚೆಲ್ಲಿ, ಲೋಟ ತೊಳೆದು, ತಾನೇ ತುಂಬಿಕೊಳ್ಳುತ್ತಾಳೆ.